ವಾಕ್ಯಗಳಿಗೂ ಸಂಧಿ ಬೇಕು

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದಿದವರಿಗೆ ‘ಪ್ರೊಫೈಲ್’ ಪ್ರಶ್ನೆ ನೆನಪಿರುತ್ತದೆ. ಒಂದು ಚೌಕದೊಳಗೆ ಯಾರೋ ಒಬ್ಬರ ವಿವರಗಳನ್ನು ತುಂಡು ತುಂಡಾಗಿ ಕೊಟ್ಟಿರುತ್ತಾರೆ: ವಯಸ್ಸು, ಎತ್ತರ, ತೂಕ, ಮನೆಮಂದಿ, ಓದು, ಹವ್ಯಾಸ, ಜನ ಮೆಚ್ಚುವ ಗುಣ. ಅವನ್ನೆಲ್ಲ ಸೇರಿಸಿ ಒಂದು ಪ್ಯಾರಾ ಬರೆಯಬೇಕು. ಚೌಕದಲ್ಲಿರುವುದು ಒಬ್ಬ ನಿವೃತ್ತ ಮೇಷ್ಟರು ಎಂದಿಟ್ಟುಕೊಳ್ಳಿ. ಬಹುಪಾಲು ಮಕ್ಕಳ ಉತ್ತರ ಹೀಗಿರುತ್ತದೆ: ‘ಹಿಸ್ ಏಜ್ ಈಸ್ ಸಿಕ್ಸ್ಟಿಟೂ. ಹಿಸ್ ವೇಟ್ ಈಸ್ ಸೆವೆಂಟಿ ಕೆಜಿ. ಹಿಸ್ ಫ್ಯಾಮಿಲಿ ಈಸ್ ವೈಫ್ ಅಂಡ್ ಟೂ ಡಾಟರ್ಸ್. ಹಿಸ್ ಹಾಬಿ ಈಸ್ ಬೀಕೀಪಿಂಗ್.’ ಕೆಂಪು ಮಸಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ವ್ಯಾಕರಣ ಹೆಚ್ಚುಕಡಿಮೆ ನೆಟ್ಟಗಿದೆ, ಕಾಗುಣಿತ ಸರಿಯಿದೆ. ಆದರೂ ಮೇಷ್ಟರು ಕಣ್ಣಿಗೆ ಕಟ್ಟುವುದಿಲ್ಲ. ರೇಷನ್ ಕಾರ್ಡು ಓದಿದ ಹಾಗಾಗುತ್ತದೆ.

ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿ, ಕಟ್ಟುಗಟ್ಟಲೆ ಉತ್ತರಪತ್ರಿಕೆ ತಿದ್ದಿ ನಾನು ಕಂಡುಕೊಂಡದ್ದಿಷ್ಟು. ನಮ್ಮ ಮಕ್ಕಳ ಇಂಗ್ಲಿಷ್ ಪ್ಯಾರಾ ಎಡವುವುದು ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ಆ ಸಣ್ಣ ಸಂದಿಯಲ್ಲಿ. ಲೋಪ, ಆಗಮ, ಆದೇಶ ಎಂದು ಪದಗಳ ಸಂಧಿಯನ್ನು ನಾವು ಉರು ಹೊಡೆಸುತ್ತೇವೆ. ವಾಕ್ಯಗಳ ಸಂಧಿ ಯಾವ ಪಿರಿಯಡ್ಡಿನಲ್ಲೂ ಬರುವುದಿಲ್ಲ. ಒಳ್ಳೆಯ ಪ್ಯಾರಾ ಎಂದರೇನು ಎಂದು ಜಗತ್ತು ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಜಗಳವಾಡಿದೆ. ಆ ಜಗಳದಲ್ಲಿ ನಮಗೆ ದಕ್ಕುವುದು ಯಾವುದು, ಬಿಡಬೇಕಾದದ್ದು ಯಾವುದು ಎಂದು ನೋಡುವುದು ಈ ಲೇಖನದ ಕೆಲಸ.

ಪ್ಯಾರಾ ಎಂಬುದು ಮೊದಲಿಗೆ ಒಂದು ಗೆರೆಯಷ್ಟೇ ಆಗಿತ್ತು. ಗ್ರೀಕರು ಪಠ್ಯದ ಅಂಚಿನಲ್ಲಿ ಎಳೆಯುತ್ತಿದ್ದ ಗೆರೆಗೆ ‘ಪ್ಯಾರಾಗ್ರಾಫೋಸ್’ ಎಂದು ಹೆಸರು. ಪಕ್ಕದಲ್ಲಿ ಬರೆದದ್ದು ಎಂದರ್ಥ. ನಮ್ಮ ತಾಳೆಗರಿಗಳಿಗೆ ಆ ಐಷಾರಾಮವೂ ಇರಲಿಲ್ಲ. ಗರಿಯಲ್ಲಿ ಜಾಗ ಪೋಲು ಮಾಡುವಂತಿಲ್ಲ, ಹಾಗಾಗಿ ಅಕ್ಷರದ ಪಕ್ಕ ಅಕ್ಷರ ಕೊರೆಯುತ್ತಾ ಹೋದರು. ವಡ್ಡಾರಾಧನೆಯಂಥ ಹಳೆಯ ಗದ್ಯವನ್ನು ಇಂದು ಪ್ಯಾರಾಗಳಾಗಿ ಓದುತ್ತಿದ್ದೇವೆಂದರೆ ಅದು ಅಚ್ಚಿನ ಕಾಲದ ಸಂಪಾದಕರು ಮಾಡಿಕೊಟ್ಟ ಉಪಕಾರ. ಕನ್ನಡದಲ್ಲಿ ಪ್ಯಾರಾಕ್ಕೆ ಒಂದೇ ಹೆಸರು ಇನ್ನೂ ನಿಂತಿಲ್ಲ ಎಂಬುದನ್ನೂ ಗಮನಿಸಬೇಕು. ಪಾಠಪುಸ್ತಕದಲ್ಲಿ ಅದು ವಾಕ್ಯವೃಂದ, ಸರ್ಕಾರಿ ಆದೇಶದಲ್ಲಿ ಕಂಡಿಕೆ, ಬಾಯಲ್ಲಿ ಪ್ಯಾರಾ.

ಗೆರೆಗೆ ಕಾನೂನು ಬಂದದ್ದು 1866ರಲ್ಲಿ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರವನ್ನೂ ಇಂಗ್ಲಿಷನ್ನೂ ಕಲಿಸುತ್ತಿದ್ದ ಅಲೆಕ್ಸಾಂಡರ್ ಬೇನ್ ಆ ವರ್ಷ ಹೊರತಂದ ಬರವಣಿಗೆಯ ಪುಸ್ತಕದಲ್ಲಿ ಪ್ಯಾರಾಕ್ಕೆ ಆರು ನಿಯಮ ಹಾಕಿಕೊಟ್ಟ. ಮೊದಲ ವಾಕ್ಯ ವಿಷಯವನ್ನು ಸೂಚಿಸಬೇಕು, ಪ್ರತಿ ವಾಕ್ಯಕ್ಕೂ ಹಿಂದಿನದರ ಜೊತೆ ಸಂಬಂಧ ಕಾಣಬೇಕು, ಒಂದು ಪ್ಯಾರಾ ಒಂದೇ ಉದ್ದೇಶಕ್ಕೆ ದುಡಿಯಬೇಕು, ಹೀಗೆ. ಇವೇ ನಿಯಮಗಳು ಅಮೆರಿಕದ ಕಾಲೇಜುಗಳ ಮೂಲಕ ಹಾದು, ಸರಳವಾಗಿ, ಒಣಗಿ, ಕೊನೆಗೆ ನಮ್ಮ ಮನೆಗಳಿಗೆ ರೆನ್ ಅಂಡ್ ಮಾರ್ಟಿನ್ ರೂಪದಲ್ಲಿ ಬಂದವು. 1930ರ ದಶಕದಲ್ಲಿ ಭಾರತದ ಶಾಲೆಗಳಿಗಾಗಿಯೇ ಸಿದ್ಧವಾದ ಆ ವ್ಯಾಕರಣದ ಪುಸ್ತಕ ಪ್ಯಾರಾಕ್ಕೆ ಏಕತೆ, ಕ್ರಮ, ವೈವಿಧ್ಯ ಎಂಬ ಮೂರು ಗುಣಗಳನ್ನು ಹೇಳುತ್ತದೆ. (ಅದರ ಕರ್ತೃಗಳಲ್ಲೊಬ್ಬನಾದ ಪಿ.ಸಿ. ರೆನ್ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರು ಮಾಡಿದವನು. ಮರುಭೂಮಿಯ ಕೋಟೆಯ ಕಥೆ ಹೇಳಿದ ಕೈಯೇ ನಮಗೆ ವಾಕ್ಯ ವಿಂಗಡಣೆಯ ಗೋಳನ್ನೂ ಕೊಟ್ಟಿತು.)

ಬೇನನ ಆರರಲ್ಲಿ ನಮ್ಮ ತರಗತಿಗಳಲ್ಲಿ ಗಟ್ಟಿಯಾಗಿ ಉಳಿದದ್ದು ಒಂದೇ: ಮೊದಲ ವಾಕ್ಯದಲ್ಲಿ ವಿಷಯ ಹೇಳು. ಅದೇ ‘ಟಾಪಿಕ್ ಸೆಂಟೆನ್ಸ್’. ಇದು ಎಷ್ಟು ನಿಜ? 1974ರಲ್ಲಿ ರಿಚರ್ಡ್ ಬ್ರಾಡಕ್ ಎಂಬ ಅಮೆರಿಕದ ಪ್ರಾಧ್ಯಾಪಕ ಒಳ್ಳೆಯ ಪತ್ರಿಕೆಗಳಲ್ಲಿ ಬಂದ 25 ಪ್ರಬಂಧಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಪ್ಯಾರಾ ತೆಗೆದು ಎಣಿಸಿದ. ಟಾಪಿಕ್ ಸೆಂಟೆನ್ಸ್‌ನಿಂದ ಶುರುವಾಗುವ ಪ್ಯಾರಾಗಳು ನೂರಕ್ಕೆ 13 ಮಾತ್ರ. ಅಂದರೆ ಮಕ್ಕಳಿಗೆ ಕಡ್ಡಾಯ ಮಾಡಿದ್ದನ್ನು ಬರೆದು ಬದುಕುವವರೇ ಪಾಲಿಸುತ್ತಿರಲಿಲ್ಲ. ಇದನ್ನು ಓದಿ ಕೆಲವರು ನಿಯಮವನ್ನೇ ಕಿತ್ತೆಸೆಯಿರಿ ಎಂದರು. ನಾನು ಅಷ್ಟು ದೂರ ಹೋಗುವುದಿಲ್ಲ. ಊರುಗೋಲು ಹಿಡಿದವನಿಗೆ ‘ಓಟಗಾರರು ಕೋಲು ಹಿಡಿಯುವುದಿಲ್ಲವಲ್ಲ’ ಎಂದು ಹೇಳಿ ಕಿತ್ತುಕೊಳ್ಳುವುದು ನ್ಯಾಯವಲ್ಲ. ಆದರೆ ಮೊದಲ ವಾಕ್ಯ ಬರೆದ ಮಾತ್ರಕ್ಕೆ ಪ್ಯಾರಾ ಆಯಿತೆಂದು ನಂಬಿಸಿದ್ದೇವಲ್ಲ, ತಪ್ಪು ಅಲ್ಲಿದೆ.

ಇನ್ನೊಂದು ಜಗಳ ಇದಕ್ಕಿಂತ ಸ್ವಾರಸ್ಯದ್ದು. 1966ರಲ್ಲಿ ರಾಬರ್ಟ್ ಕ್ಯಾಪ್ಲನ್ ಎಂಬ ಭಾಷಾಶಾಸ್ತ್ರಜ್ಞ, ಹೊರದೇಶಗಳಿಂದ ಅಮೆರಿಕಕ್ಕೆ ಓದಲು ಬಂದವರ ಸುಮಾರು 600 ಪ್ರಬಂಧಗಳನ್ನು ನೋಡಿ, ಒಂದೊಂದು ಭಾಷಾಗುಂಪಿನ ಯೋಚನೆಯ ದಾರಿಗೆ ಒಂದೊಂದು ಚಿತ್ರ ಗೀಚಿದ. ಇಂಗ್ಲಿಷಿಗೆ ನೇರ ಗೆರೆ. ಪೂರ್ವದವರಿಗೆ ಒಳಕ್ಕೆ ಸುತ್ತುವ ಸುರುಳಿ. ಮಿಕ್ಕವರಿಗೆ ಅಂಕುಡೊಂಕು. ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ಇಷ್ಟು ಸುತ್ತಾಡಿದ ಚಿತ್ರ ಇನ್ನೊಂದಿಲ್ಲ. ನಮ್ಮ ಭಾಷೆಗಳಿಗೆ ಆ ಐದು ಚಿತ್ರಗಳಲ್ಲಿ ಬೇರೆ ಜಾಗವೇ ಇರಲಿಲ್ಲ. ಆದರೂ ಭಾರತೀಯರು ಸುತ್ತಿ ಬಳಸಿ ಬರೆಯುತ್ತಾರೆ ಎಂಬ ಮಾತಿಗೆ ಅದು ಸಾಕ್ಷಿಯಾಗಿ ಓಡಾಡಿತು. ಹಿಂದಿ ಗದ್ಯದ ಮೇಲೆ ಕೆಲಸ ಮಾಡಿದ ಯಮುನಾ ಕಚ್ರು ಮೊದಲಾದವರು ಭಾಷೆಗೊಂದೇ ಅಚ್ಚು ಎಂಬ ವಾದವನ್ನು ಪ್ರಶ್ನಿಸಿದರು. ಎರಡು ದಶಕಗಳ ಮೇಲೆ ಕ್ಯಾಪ್ಲನ್ ತಾನೇ ತನ್ನ ಮಾತನ್ನು ಸಡಿಲಿಸಿದ.

ಸುರುಳಿಯ ಮಾತು ಬಂದಾಗ ಹಾಸನದ ರಾಜಾರಾವ್ ನೆನಪಾಗುತ್ತಾರೆ. 1938ರ ‘ಕಾಂತಾಪುರ’ದ ಮುನ್ನುಡಿಯಲ್ಲಿ ಅವರು ಇಂಗ್ಲಿಷಿನಲ್ಲಿ ನಮ್ಮ ಸ್ಥಳಪುರಾಣದ ಓಟವನ್ನು ಹಿಡಿಯುವ ಕಷ್ಟದ ಬಗ್ಗೆ ಬರೆದರು. ಆ ಕಾದಂಬರಿಯಲ್ಲಿ ಹಳ್ಳಿಯ ಅಜ್ಜಿಯೊಬ್ಬಳು ಉಸಿರು ಬಿಡದೆ ಮಾತಾಡುತ್ತಾಳೆ, ವಾಕ್ಯಗಳು ‘ಅಂಡ್, ಅಂಡ್’ ಎನ್ನುತ್ತಾ ಪುಟ ದಾಟುತ್ತವೆ. ಅದೇ ಹಳೆಯ ಮೈಸೂರು ಸೀಮೆಯಲ್ಲಿ ಬರೆಯುತ್ತಿದ್ದ ಆರ್.ಕೆ. ನಾರಾಯಣರ ಪ್ಯಾರಾಗಳಾದರೋ ಇಸ್ತ್ರಿ ಮಾಡಿದ ಪಂಚೆಯಂತೆ ನೀಟು. ಒಂದೇ ನೆಲದ ಇಬ್ಬರು ಹೀಗಿದ್ದ ಮೇಲೆ ಜನಾಂಗಕ್ಕೊಂದು ಗೆರೆ ಎಳೆಯುವುದೆಲ್ಲಿ? ‘ಭಾರತೀಯ ಚಿಂತನಾಕ್ರಮ ಎಂಬುದು ಇದೆಯೇ’ ಎಂದು 1989ರ ಪ್ರಬಂಧದಲ್ಲಿ ಕೇಳಿದ ಎ.ಕೆ. ರಾಮಾನುಜನ್ ಕೂಡ ಮೈಸೂರಿನವರೇ. ಆ ಪ್ರಶ್ನೆಯ ಒಂದೊಂದು ಪದಕ್ಕೂ ಒತ್ತು ಕೊಟ್ಟು ಬೇರೆ ಬೇರೆ ಪ್ರಶ್ನೆ ಹೊರಡಿಸಿದವರು. ನೇರ ಉತ್ತರ ಕೊಡುವ ಅವಸರ ಅವರಿಗಿರಲಿಲ್ಲ.

ಕ್ಯಾಪ್ಲನ್‌ನ ಚಿತ್ರ ಬಿದ್ದುಹೋದರೂ ಒಂದು ಮಾತು ಉಳಿಯುತ್ತದೆ. 1987ರಲ್ಲಿ ಭಾಷಾಶಾಸ್ತ್ರಜ್ಞ ಜಾನ್ ಹೈಂಡ್ಸ್ ಅದನ್ನು ಬೇರೆ ಥರ ಹೇಳಿದ: ಅರ್ಥ ಮಾಡಿಸುವ ಹೊಣೆ ಇಂಗ್ಲಿಷಿನಲ್ಲಿ ಬರೆದವನದು, ಜಪಾನಿಯಲ್ಲಿ ಓದುವವನದು. ಇದೂ ಪೂರ್ತಿ ನಿಜವಲ್ಲದಿರಬಹುದು. ಆದರೆ ತರಗತಿಯಲ್ಲಿ ಕೆಲಸಕ್ಕೆ ಬರುತ್ತದೆ. ನಮ್ಮ ಪ್ರವಚನಕಾರರು, ಹರಿಕಥೆ ದಾಸರು ಮಾತನ್ನು ಊರೆಲ್ಲ ಸುತ್ತಿಸಿ ಕೊನೆಗೆ ತಿರುಳಿಗೆ ತಂದು ನಿಲ್ಲಿಸಿದಾಗ ಕೇಳುಗರು ತಲೆದೂಗುತ್ತಾರೆ. ಇಂಗ್ಲಿಷ್ ಪ್ಯಾರಾ ಓದುವ ಪರೀಕ್ಷಕನಿಗೆ ಆ ವ್ಯವಧಾನವಿಲ್ಲ. ಅವನಿಗೆ ತಿರುಳು ಬಾಗಿಲಲ್ಲೇ ಸಿಗಬೇಕು. ಇದರಲ್ಲಿ ಮೇಲುಕೀಳಿನ ಪ್ರಶ್ನೆಯಿಲ್ಲ. ಬೇರೆ ಮನೆಗೆ ಹೋದಾಗ ಆ ಮನೆಯ ಊಟದ ಪದ್ಧತಿ ಕೇಳಿಕೊಳ್ಳುವಷ್ಟೇ ಸಹಜ.

ಈಗ ಸಂಧಿಗೆ ಬರೋಣ. ಕನ್ನಡದ ಮಗುವಿಗೆ ವಾಕ್ಯ ಕೂಡಿಸುವ ಕಸುಬು ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಯಾವುದೇ ಅಜ್ಜಿ ಕಥೆ ಶುರು ಮಾಡುವುದನ್ನು ಕೇಳಿ: ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು. ಹಿರೀ ಹೆಂಡತಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲ ಅಂತ ರಾಜ ಕಾಡಿಗೆ ಹೋದ. ಹೋಗಿ ನೋಡ್ತಾನೆ, ಅಲ್ಲೊಬ್ಬ ಋಷಿ ಕೂತಿದಾನೆ.’ ಪ್ರತಿ ವಾಕ್ಯದ ಬಾಲ ಮುಂದಿನ ವಾಕ್ಯದ ತಲೆಯಾಗುತ್ತದೆ. ರಾಜ, ಆ ರಾಜ. ಹೆಂಡಿರು, ಹಿರೀ ಹೆಂಡತಿ. ಹೋದ, ಹೋಗಿ. ಗೊತ್ತಾದದ್ದರ ಮೇಲೆ ಒಂದು ಕಾಲೂರಿ ಹೊಸದರ ಕಡೆಗೆ ಇನ್ನೊಂದು ಕಾಲು ಎತ್ತುವ ನಡಿಗೆ ಇದು. ಪ್ರಾಗ್ ನಗರದ ಭಾಷಾಶಾಸ್ತ್ರಜ್ಞರು ಗಹನವಾಗಿ ಚರ್ಚಿಸಿದ್ದು ಇದನ್ನೇ. 1974ರಲ್ಲಿ ಫ್ರಾಂಟಿಶೆಕ್ ದಾನೇಶ್ ವಿವರಿಸಿದ ವಿಷಯದ ನಡಿಗೆಗಳಲ್ಲಿ ಮುಖ್ಯವಾದವು ಮೂರು. ಒಂದು ಅಜ್ಜಿಯ ಸರಪಳಿ. ಇನ್ನೊಂದರಲ್ಲಿ ಎಲ್ಲ ವಾಕ್ಯಗಳಿಗೂ ಒಂದೇ ತಲೆ. ಮೂರನೆಯದು ದೊಡ್ಡದೊಂದು ವಿಷಯದಿಂದ ಕವಲೊಡೆಯುವಂಥದು. ನಮ್ಮ ‘ಹಿಸ್, ಹಿಸ್, ಹಿಸ್’ ಪ್ಯಾರಾ ಎರಡನೆಯ ಜಾತಿಯದು. ಆ ಜಾತಿಯಲ್ಲಿ ದೋಷವಿಲ್ಲ, ಬೇರೆ ಜಾತಿಯ ನಡಿಗೆ ಬರುವುದೇ ಇಲ್ಲ ಎಂಬುದಷ್ಟೇ ದೋಷ. ಮನೆಯಲ್ಲಿ ಅಜ್ಜಿಯ ಸರಪಳಿ ಕೇಳಿ ಬೆಳೆದ ಮಗು ಇಂಗ್ಲಿಷ್ ಪೇಪರಿನೆದುರು ಅದನ್ನು ಮರೆತು ಕೂರುತ್ತದೆ. ಆ ವಿದ್ಯೆ ಇಲ್ಲೂ ಸಲ್ಲುತ್ತದೆ ಎಂದು ಅದಕ್ಕೆ ಯಾರೂ ಹೇಳಿಲ್ಲ.

ಅಜ್ಜಿಯ ಮೊದಲ ಎರಡು ವಾಕ್ಯಗಳನ್ನೇ ಇಟ್ಟುಕೊಂಡು ಕಬ್ಬಿಣದ ಕಡಲೆಯೊಂದನ್ನು ಬೇಯಿಸಬಹುದು. ‘ಎ’, ‘ಆ್ಯನ್’, ‘ದ’ ಎಂಬ ಆರ್ಟಿಕಲ್‌ಗಳನ್ನು ನಾವು ಬಿಟ್ಟ ಸ್ಥಳ ತುಂಬಿಸುವ ಲೆಕ್ಕವಾಗಿ ಕಲಿಸುತ್ತೇವೆ: ಸ್ವರ ಬಂದರೆ ‘ಆ್ಯನ್’, ಸೂರ್ಯಚಂದ್ರರಿಗೆ ‘ದ’. ಅವುಗಳ ನಿಜವಾದ ದುಡಿಮೆ ಇರುವುದು ವಾಕ್ಯಗಳ ನಡುವೆ. ‘ಒಬ್ಬ ರಾಜ’ ಎಂದಾಗ ‘ಎ ಕಿಂಗ್’, ‘ಆ ರಾಜ’ ಎಂದಾಗ ‘ದ ಕಿಂಗ್’. ಮೊದಲನೆಯದು ಪರಿಚಯ ಮಾಡಿಸುತ್ತದೆ. ‘ನಾನು ಈಗ ಹೇಳಿದೆನಲ್ಲ, ಅವನೇ’ ಎಂದು ಎರಡನೆಯದು ಬೆರಳು ತೋರಿಸುತ್ತದೆ. ಭಾಷಾಶಾಸ್ತ್ರಜ್ಞರಾದ ಹ್ಯಾಲಿಡೇ ಮತ್ತು ರುಕೈಯಾ ಹಸನ್ 1976ರಲ್ಲಿ ಇಂಗ್ಲಿಷಿನ ಇಂಥ ಬೆಸುಗೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಜೋಡಿಸಿಟ್ಟರು. ಹಸನ್ ಹುಟ್ಟಿದ್ದು ಉತ್ತರ ಭಾರತದಲ್ಲಿ ಎಂಬುದು ನಮಗೆ ಸಣ್ಣ ಹೆಮ್ಮೆ. ಆ ಬೆಸುಗೆಗಳಲ್ಲಿ ನಮ್ಮವರಿಗೆ ತಕ್ಷಣ ಲಾಭ ಕೊಡುವಂಥದು ಒಂದಿದೆ. ‘ಬಸ್ಸು ಒಂದು ಗಂಟೆ ತಡವಾಗಿ ಬಂತು’ ಎಂದು ಬರೆದ ಮೇಲೆ ಮುಂದಿನ ವಾಕ್ಯವನ್ನು ‘ದಿಸ್ ಡಿಲೇ’ ಎಂದು ಶುರು ಮಾಡುವುದು. ಇಡೀ ಹಿಂದಿನ ವಾಕ್ಯವನ್ನು ಗಂಟು ಕಟ್ಟಿ ಕೈಗೆತ್ತಿಕೊಂಡ ಹಾಗೆ. ಬರೀ ‘ದಿಸ್’ ಎಂದರೆ ಏನು ಎಂದು ಓದುಗ ಹುಡುಕಬೇಕು. ಜೊತೆಗೊಂದು ನಾಮಪದ ಇಟ್ಟರೆ ಹುಡುಕಾಟ ತಪ್ಪಿತು.

ನಮ್ಮ ‘ಏ’ಕಾರ ಇನ್ನೊಂದು ತಮಾಷೆ. ‘ನಿನ್ನೆಯೇ ಬಂದೆ’ ಎನ್ನುವಾಗ ಆ ‘ಏ’ ಹಿಂದಿನ ಮಾತಿಗೆ ಉತ್ತರ ಕೊಡುತ್ತಿರುತ್ತದೆ: ನೀನು ಇವತ್ತು ಅಂದುಕೊಂಡೆಯಲ್ಲ, ಹಾಗಲ್ಲ. ಇಂಗ್ಲಿಷಿನಲ್ಲಿ ಹಾಗೆ ಅಂಟಿಸಲು ಒಂದಕ್ಷರವಿಲ್ಲ. ಹಾಗಾಗಿ ‘ಯೆಸ್ಟರ್ಡೇ ಓನ್ಲಿ ಐ ಕೇಮ್’ ಹುಟ್ಟುತ್ತದೆ. ಅದನ್ನು ಕೇಳಿ ನಗುವವರು ನಗಲಿ. ಆ ಹುಡುಗ ವಾಕ್ಯಗಳ ನಡುವೆ ಕೊಂಡಿ ಹಾಕಲು ಹೊರಟಿದ್ದಾನೆ, ಸರಿಯಾದ ಮೊಳೆ ಸಿಕ್ಕಿಲ್ಲ ಅಷ್ಟೆ. ‘ಇಟ್ ವಾಸ್ ಯೆಸ್ಟರ್ಡೇ ದಟ್ ಐ ಕೇಮ್’ ಎಂಬ ಮೊಳೆ ಕೊಟ್ಟರೆ ಆಯಿತು. ಕಲಿಯುವವನ ತಪ್ಪಿಗೂ ಒಂದು ತರ್ಕವಿರುತ್ತದೆ ಎಂದು ಭಾಷಾಶಾಸ್ತ್ರಜ್ಞ ಪಿಟ್ ಕಾರ್ಡರ್ 1967ರಲ್ಲೇ ಹೇಳಿದ್ದ. ನಮ್ಮ ಸ್ಟಾಫ್ ರೂಮುಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿದಂತಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕೃದಂತದ ಪಾಠ. ‘ಬೆಳಿಗ್ಗೆ ಎದ್ದು, ಮುಖ ತೊಳೆದು, ಹಾಲು ಕರೆದು, ಡೈರಿಗೆ ಹಾಕಿ ಬಂದು ಓದಲು ಕೂತೆ’ ಎಂದು ಹುಡುಗಿ ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳುತ್ತಾಳೆ. ಇಂಗ್ಲಿಷಿಗೆ ಬಂದಾಗ ಅದು ‘ಐ ಗಾಟ್ ಅಪ್. ಐ ವಾಶ್ಡ್ ಮೈ ಫೇಸ್. ಐ ಮಿಲ್ಕ್ಡ್ ದ ಕೌ’ ಎಂದು ಐದು ತುಂಡಾಗುತ್ತದೆ; ಇಲ್ಲವೇ ನಡುವೆ ನಾಲ್ಕು ‘ಆಫ್ಟರ್ ದಟ್’ ಬೀಳುತ್ತವೆ. ಏನು ಕಳೆದುಹೋಯಿತು? ಕನ್ನಡದಲ್ಲಿ ಐದು ಕೆಲಸಗಳಲ್ಲಿ ಒಂದಕ್ಕೇ ಪೂರ್ಣಕ್ರಿಯಾಪದದ ಪಟ್ಟ ಸಿಕ್ಕಿತ್ತು. ಉಳಿದ ನಾಲ್ಕು ಅದರ ಮುಂದೆ ಕೈಕಟ್ಟಿ ನಿಂತಿದ್ದವು. ಇಂಗ್ಲಿಷಿನಲ್ಲಿ ಐದಕ್ಕೂ ಪಟ್ಟ ಕಟ್ಟಿ ಕೂರಿಸಿದ್ದರಿಂದ ಯಾವುದು ಮುಖ್ಯ ಎಂದು ತಿಳಿಯದು. 1965ರಲ್ಲಿ ಅಮೆರಿಕದ ಪ್ರಾಧ್ಯಾಪಕ ಫ್ರಾನ್ಸಿಸ್ ಕ್ರಿಸ್ಟೆನ್ಸನ್ ಪ್ಯಾರಾದ ವಾಕ್ಯಗಳಿಗೆ ಒಂದು, ಎರಡು, ಮೂರು ಎಂದು ಮಟ್ಟದ ಅಂಕಿ ಹಾಕಿ ತೋರಿಸಿದ್ದು ಈ ಹಿರಿಕಿರಿತನವನ್ನೇ: ಕೆಲವು ಹಿಂದಿನ ವಾಕ್ಯಕ್ಕೆ ಸರಿಸಮ, ಕೆಲವು ಅದರ ಕೆಳಗಿನವು. ನಾನು ಮಕ್ಕಳಿಗೆ ಅಂಕಿ ಹೇಳಿಕೊಡುವುದಿಲ್ಲ. ಪ್ರತಿ ವಾಕ್ಯದ ಮುಂದೆ ನಿಲ್ಲಿಸಿ ಕೇಳುತ್ತೇನೆ: ‘ಇದು ತೊಳೆದು ಥರದ್ದೋ, ಕೂತೆ ಥರದ್ದೋ?’ ತೊಳೆದು ಥರದ್ದಾದರೆ ಅದಕ್ಕೆ ಸ್ವಂತ ವಾಕ್ಯ ಬೇಡ. ‘ಆಫ್ಟರ್ ಮಿಲ್ಕಿಂಗ್ ದ ಕೌ’ ಎಂದು ಇನ್ನೊಂದರ ಬೆನ್ನಿಗೆ ಕಟ್ಟು. ಹತ್ತನೇ ತರಗತಿಯ ಮಕ್ಕಳಿಗೆ ಇದು ಒಂದೇ ಪಿರಿಯಡ್ಡಿನಲ್ಲಿ ಹಿಡಿಸುತ್ತದೆ. ಕನ್ನಡ ವ್ಯಾಕರಣವೇ ಇಂಗ್ಲಿಷ್ ಪ್ಯಾರಾದ ಕೀಲಿಕೈಯಾದುದನ್ನು ನೋಡಿ ಅವರಿಗೂ ಒಂಥರಾ ಖುಷಿ.

ಕೊಂಡಿಗಳ ಮಾತಾಡುವಾಗ ಕೋಚಿಂಗ್ ಸೆಂಟರ್‌ಗಳನ್ನು ಮರೆಯುವಂತಿಲ್ಲ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರು ಎರಡನೆಯ ಬರವಣಿಗೆಗೆ 40 ನಿಮಿಷದಲ್ಲಿ ಕನಿಷ್ಠ 250 ಪದ ಬರೆಯಬೇಕು. ಅಂಕ ಕೊಡುವ ನಾಲ್ಕು ಅಳತೆಗೋಲುಗಳಲ್ಲಿ ಒಂದು ಪೂರ್ತಿ ಜೋಡಣೆಗೇ ಮೀಸಲು. ಇದನ್ನರಿತ ಕೋಚಿಂಗಿನವರು ‘ಮೋರೋವರ್’, ‘ಫರ್ದರ್‌ಮೋರ್’, ‘ಇನ್ ಎ ನಟ್‌ಶೆಲ್’ಗಳ ಪಟ್ಟಿ ಕೊಟ್ಟು ಕಳಿಸುತ್ತಾರೆ. ಬೇಳೆ ಬೇಯದಿದ್ದರೂ ಒಗ್ಗರಣೆ ಚಟಪಟ ಎನ್ನುತ್ತದೆ. ಸಿಲ್ವಿಯಾನ್ ಗ್ರೇಂಜರ್ ಮತ್ತು ಸ್ಟೆಫನಿ ಟೈಸನ್ ಎಂಬ ಸಂಶೋಧಕರು 1996ರಲ್ಲಿ ಫ್ರೆಂಚ್ ಮಾತಾಡುವ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ಎಣಿಸಿ ನೋಡಿದಾಗ ಕಂಡದ್ದು ಕುತೂಹಲಕರ: ಒಟ್ಟು ಲೆಕ್ಕದಲ್ಲಿ ಕೊಂಡಿಪದಗಳ ಅತಿಬಳಕೆ ಇರಲಿಲ್ಲ. ಆದರೆ ‘ಮೋರೋವರ್’, ‘ಇಂಡೀಡ್’ನಂಥ ಸೇರಿಸುವ, ಒತ್ತುವ ಪದಗಳು ಅಳತೆ ಮೀರಿದ್ದವು, ‘ಹೌಎವರ್’, ‘ದೇರ್‌ಫೋರ್’ನಂಥ ಎದುರು ಹೇಳುವ, ಕಾರಣ ಕಟ್ಟುವ ಪದಗಳು ಕಡಿಮೆ ಬಿದ್ದಿದ್ದವು. ನಮ್ಮಲ್ಲೂ ಹಾಗೆಯೇ ಎಂಬುದು ನನ್ನ ಅನುಭವ. ಪೇರಿಸುವುದು ಸುಲಭ, ‘ಆದರೆ’, ‘ಆದ್ದರಿಂದ’ ಎನ್ನಬೇಕಾದರೆ ಯೋಚಿಸಿರಬೇಕು.

ಹಾಗಾದರೆ ಕಲಿಸುವುದು ಹೇಗೆ? ಈ ಪ್ರಶ್ನೆಯ ಇತಿಹಾಸದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ, ಇಲ್ಲಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ, ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಜಗತ್ತು ಇಂದಿಗೂ ಅದನ್ನು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಕರೆಯುತ್ತದೆ. ಅಲ್ಲಿ ವ್ಯಾಕರಣವನ್ನು ಪಟ್ಟಿ ಹಿಡಿದು ಕಲಿಸಲಿಲ್ಲ. ರೈಲು ವೇಳಾಪಟ್ಟಿ, ನಕ್ಷೆ ಕೊಟ್ಟು ಲೆಕ್ಕ ಬಿಡಿಸಲು ಹೇಳಿದರು. ಮನಸ್ಸು ಅರ್ಥದ ಹಿಂದೆ ಓಡಿದರೆ ಭಾಷೆ ಜೊತೆಗೆ ಬರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಪ್ಯಾರಾಕ್ಕೆ ಇದು ಸರಿಯಾಗಿ ಹೊಂದುತ್ತದೆ. ‘ಮೈ ಬೆಸ್ಟ್ ಫ್ರೆಂಡ್’ ಬರೆ ಎಂದರೆ ಹುಡುಗ ಗೈಡು ತೆರೆಯುತ್ತಾನೆ. ‘ನಮ್ಮೂರಿಗೆ ಕೊನೇ ಬಸ್ಸು ತಪ್ಪಿದರೆ ಮನೆ ಸೇರುವುದು ಹೇಗೆ’ ಎಂದು ಹೊಸಬನೊಬ್ಬನಿಗೆ ಬರೆದು ತಿಳಿಸು ಎಂದರೆ ವಾಕ್ಯಗಳಿಗೆ ಕ್ರಮ ತಾನಾಗಿ ಬರುತ್ತದೆ. ಕ್ರಮ ತಪ್ಪಿದರೆ ಹೊಸಬ ದಾರಿ ತಪ್ಪುತ್ತಾನಲ್ಲ!

ತಿದ್ದುವುದರಿಂದ ಉಪಯೋಗವುಂಟೇ ಎಂಬ ಬಗ್ಗೆಯೂ ಪಂಡಿತರಲ್ಲಿ ಒಮ್ಮತವಿಲ್ಲ. ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದು ವ್ಯರ್ಥ, ಕೈಬಿಡಿ ಎಂದು ಜಾನ್ ಟ್ರಸ್ಕಾಟ್ 1996ರಲ್ಲಿ ಬರೆದ. ಮೂರು ವರ್ಷಗಳ ಮೇಲೆ ಡೇನಾ ಫೆರಿಸ್ ಅಷ್ಟು ಅವಸರ ಬೇಡ ಎಂದು ಉತ್ತರಿಸಿದರು. ಅರವತ್ತು ನೋಟ್‌ಬುಕ್ಕಿನ ರಾಶಿ ಮುಂದಿಟ್ಟುಕೊಂಡ ನಮ್ಮ ಮೇಷ್ಟರುಗಳಿಗೆ ಈ ವಾದ ಪರಲೋಕದ್ದು ಎನಿಸೀತು. ನನ್ನ ರೂಢಿ ಹೇಳಿಬಿಡುತ್ತೇನೆ: ಒಂದು ಪ್ಯಾರಾದಲ್ಲಿ ಒಂದೇ ಕಡೆ ಗೆರೆ ಹಾಕುತ್ತೇನೆ, ಅದೂ ಎರಡು ವಾಕ್ಯಗಳ ನಡುವೆ. ಓದಿಸಿದರೆ ಬರವಣಿಗೆಗೂ ಲಾಭ ಎಂಬ ವಿಷಯದಲ್ಲಿ ಮಾತ್ರ ಜಗಳ ಕಡಿಮೆ. ಫಿಜಿ ದ್ವೀಪದ ಹಳ್ಳಿ ಶಾಲೆಗಳಿಗೆ ಕಥೆಪುಸ್ತಕಗಳನ್ನು ಹೊಳೆಯಂತೆ ಹರಿಸಿ ನೋಡಿದ ಎಲಿ ಮತ್ತು ಮಂಗುಭಾಯಿ 1983ರಲ್ಲಿ ಫಲ ಪ್ರಕಟಿಸಿದರು. ಮಕ್ಕಳ ಓದು ಸುಧಾರಿಸಿತು, ಎರಡನೆಯ ವರ್ಷದ ಹೊತ್ತಿಗೆ ಅದು ಬರವಣಿಗೆಗೂ ಹರಡಿತ್ತು.

ಈಗಂತೂ ಇಷ್ಟೆಲ್ಲ ಕಷ್ಟ ಯಾಕೆ, ಫೋನಿನಲ್ಲಿರುವ ಎಐಗೆ ಹೇಳಿದರೆ ಸಾಕು, ಪ್ಯಾರಾ ಸಿದ್ಧ. ಅದರ ಜೋಡಣೆಯಲ್ಲಿ ತಪ್ಪು ಹುಡುಕುವುದೂ ಕಷ್ಟ. ಪೇಚು ಬೇರೆ ಕಡೆ ಇದೆ. 2023ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದವರು ಬರೆದ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ‘ಯಂತ್ರ ಬರೆದದ್ದೇ?’ ಎಂದು ಹೇಳುವ ಏಳು ತಂತ್ರಾಂಶಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳಿಗೆ ‘ಹೌದು’ ಎಂಬ ತೀರ್ಪು ಬಂತು. ಗೊತ್ತಿರುವ ಕೆಲವೇ ಪದಗಳಲ್ಲಿ ಕಷ್ಟಪಟ್ಟು ಬರೆದವನಿಗೆ ಕಳ್ಳನ ಪಟ್ಟ.

ಮತ್ತೆ ನಮ್ಮ ಮೇಷ್ಟರ ಬಳಿಗೆ ಬರುತ್ತೇನೆ. ಒಮ್ಮೆ ಇಂಥದೇ ಚೌಕವನ್ನು ಕರಿಹಲಗೆ ಮೇಲೆ ಬರೆದು, ಹಿಂದಿನ ಬೆಂಚಿನ ಹುಡುಗಿಯೊಬ್ಬಳನ್ನು ಕೇಳಿದೆ: ‘ಇವರ ವಿಷಯ ನಿನ್ನ ತಂಗಿಗೆ ಹೇಳೋದಾದ್ರೆ ಮೊದಲು ಏನು ಹೇಳ್ತೀಯಮ್ಮ?’ ‘ಜೇನು ಸಾಕ್ತಾರೆ ಅಂತ, ಸಾರ್.’ ಆಮೇಲೆ? ‘ರಿಟೈರ್ ಆಗಿದಾರಲ್ಲ ಸಾರ್, ಅದಕ್ಕೆ ಟೈಮ್ ಇದೆ. ಮಕ್ಕಳಿಗೂ ಕಲಿಸ್ತಾರೇನೋ.’ ಅವಳ ಬಾಯಲ್ಲಿ ‘ಅಲ್ಲ’, ‘ಅದಕ್ಕೆ’, ‘ಊ’ ಎಂಬ ಮೂರು ಕೊಂಡಿಗಳು ಆಗಲೇ ಬಿದ್ದಿದ್ದವು. ಅದನ್ನೇ ಇಂಗ್ಲಿಷಿಗೆ ತಿರುಗಿಸಿದಾಗ ಮೇಷ್ಟರು ಎದ್ದು ಓಡಾಡತೊಡಗಿದರು: ‘ನೌ ದಟ್ ಹಿ ಹ್ಯಾಸ್ ರಿಟೈರ್ಡ್, ಹಿ ಕೀಪ್ಸ್ ಬೀಸ್’ ಎಂದು ಶುರುವಾದ ಪ್ಯಾರಾ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಕಡೆಗೆ ತಾನಾಗಿ ಹರಿಯಿತು. ಎಲ್ಲ ಬರೆದಾದ ಮೇಲೆ ಹುಡುಗಿ ಪೆನ್ನು ಕಚ್ಚುತ್ತಾ ಕೇಳಿದಳು: ‘ತೂಕ ಎಲ್ಲಿ ಹಾಕ್ಲಿ ಸಾರ್?’

ಆ ಎಪ್ಪತ್ತು ಕೆಜಿಗೆ ಪ್ಯಾರಾದಲ್ಲಿ ಎಲ್ಲೂ ಜಾಗ ಸಿಗಲಿಲ್ಲ. ಆದರೆ ಚೌಕದ ಒಂದು ವಿವರ ಬಿಟ್ಟರೂ ಅಂಕ ಹೋದೀತೆಂಬ ಹೆದರಿಕೆ ಅವಳಿಗೆ. ಕೊನೆಯಲ್ಲಿ ‘ಹಿಸ್ ವೇಟ್ ಈಸ್ ಸೆವೆಂಟಿ ಕೆಜಿ’ ಎಂದು ಸೇರಿಸಿಯೇ ಪುಸ್ತಕ ಮುಚ್ಚಿದಳು. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನದೊಂದು ವಿನಂತಿ: ಚೌಕದಿಂದ ತೂಕವನ್ನು ತೆಗೆದುಬಿಡಿ, ಅದಕ್ಕೆ ಕೊಡುವಷ್ಟು ಅಂಕವನ್ನು ವಾಕ್ಯಗಳ ಜೋಡಣೆಗೆ ಇಡಿ.